ಶಾಲೆಯ ಮೈದಾನದಿಂದ ಮೇಜರ್ ಲೀಗ್‌ಗೆ



ಶಾಲಾ ತಂಡದಲ್ಲಿ ಚೆನ್ನಾಗಿ ಆಡುವ ಹುಡುಗನೊಬ್ಬ ದೇಶದ ಅತ್ಯುನ್ನತ ಮಟ್ಟದ ತಂಡವನ್ನು ಸೇರುವುದು ಹೇಗೆ? ಪತ್ರಿಕೆಗಳಲ್ಲಿ ಓದುವಾಗ ಇದು ಒಂದೇ ನೆಗೆತದ ಹಾಗೆ ಕಾಣುತ್ತದೆ. ನಿನ್ನೆ ಊರಿನ ಮೈದಾನ, ಇಂದು ಸಾವಿರಾರು ಜನರ ಚಪ್ಪಾಳೆ. ನಡುವಿನ ದಾರಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆ ದಾರಿ ಸ್ಪಷ್ಟವಾಗಿ ಕಾಣುವ ಆಟಗಳಲ್ಲಿ ಅಮೆರಿಕದ ಬೇಸ್‌ಬಾಲ್ ಒಂದು. ಅಲ್ಲಿ ಶಾಲೆಗೂ ಶಿಖರಕ್ಕೂ ನಡುವೆ ಒಂದು ಏಣಿ ಇದೆ. ಅದರ ಪ್ರತಿ ಮೆಟ್ಟಿಲಿಗೂ ಒಂದು ಹೆಸರಿದೆ. ಪ್ರತಿ ಮೆಟ್ಟಿಲಿನಲ್ಲೂ ಆಟಗಾರನ ಲೆಕ್ಕವನ್ನು ಬರೆದಿಡುತ್ತಾರೆ. ಈ ಏಣಿಯನ್ನು ಹತ್ತಿದ ಮೈಕ್ ಟ್ರೌಟ್ ಎಂಬ ಆಟಗಾರನ ಪಯಣವನ್ನು ನೋಡೋಣ.

ಆಟದ ಪರಿಚಯ

ಬೇಸ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೆ ಒಂಬತ್ತು ಕ್ಷೇತ್ರರಕ್ಷಕರು. ಪಿಚರ್ ಎನ್ನುವ ಎಸೆತಗಾರ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ದಾಂಡಿಗನತ್ತ ಎಸೆಯುತ್ತಾನೆ. ಇಬ್ಬರ ನಡುವಿನ ಅಂತರ ಸುಮಾರು 18.4 ಮೀಟರ್. ಗಂಟೆಗೆ 145 ಕಿ.ಮೀ. ವೇಗದಲ್ಲಿ ಬರುವ ಚೆಂಡು ಈ ದೂರವನ್ನು ಅರ್ಧ ಸೆಕೆಂಡಿನೊಳಗೆ ದಾಟಿಬಿಡುತ್ತದೆ. ಅಷ್ಟರಲ್ಲಿ ದಾಂಡಿಗ ಹೊಡೆಯಬೇಕೆ, ಬಿಡಬೇಕೆ ಎಂದು ತೀರ್ಮಾನಿಸಬೇಕು. ಹೊಡೆದರೆ ಓಡಬೇಕು. ನಾಲ್ಕು ಮೂಲೆಗಳನ್ನು ಮುಟ್ಟಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಚೆಂಡು ಎದುರಿನ ಬೇಲಿಯನ್ನು ದಾಟಿ ಹೋದರೆ ಹೋಮ್ ರನ್.

ಮೈದಾನದ ಹಿಂಭಾಗವನ್ನು ಕಾಯುವ ಮೂವರನ್ನು ಔಟ್‌ಫೀಲ್ಡರ್‌ಗಳು ಎನ್ನುತ್ತಾರೆ. ನಮ್ಮ ಕ್ರಿಕೆಟ್ಟಿನಲ್ಲಿ ಲಾಂಗ್ ಆನ್, ಲಾಂಗ್ ಆಫ್ ಸ್ಥಾನಗಳಲ್ಲಿ ನಿಲ್ಲುವವರನ್ನು ನೆನೆಸಿಕೊಳ್ಳಿ. ಮೂವರಲ್ಲಿ ನಡುವೆ ನಿಲ್ಲುವ ಸೆಂಟರ್ ಫೀಲ್ಡರ್‌ಗೆ ಓಟ ಹೆಚ್ಚು, ಹೊಣೆಯೂ ಹೆಚ್ಚು. ಟ್ರೌಟ್ ಹೆಸರು ಗಳಿಸಿದ್ದು ಈ ಸ್ಥಾನದಲ್ಲಿ.

ಇನ್ನೊಂದು ಲೆಕ್ಕವನ್ನು ನೀವು ತಿಳಿದಿರಬೇಕು. ದಾಂಡಿಗ ಎದುರಿಸಿದ ಅವಕಾಶಗಳಲ್ಲಿ ಎಷ್ಟು ಸಲ ಯಶಸ್ವಿಯಾಗಿ ಹೊಡೆದ ಎಂಬುದೇ ಆತನ ಸರಾಸರಿ. ಹತ್ತರಲ್ಲಿ ಮೂರು ಸಲ ಹೊಡೆದವನ ಸರಾಸರಿ 0.300. ಇದು ಬಹಳ ಒಳ್ಳೆಯ ಸರಾಸರಿ. ಅಂದರೆ ಹತ್ತರಲ್ಲಿ ಏಳು ಸಲ ಸೋಲುವವನೂ ಈ ಆಟದಲ್ಲಿ ಶ್ರೇಷ್ಠನೇ. ಸೋಲನ್ನು ದಿನನಿತ್ಯ ಅರಗಿಸಿಕೊಳ್ಳುವುದನ್ನು ಕಲಿಯದವನಿಗೆ ಇಲ್ಲಿ ಜಾಗವಿಲ್ಲ.

ಇತಿಹಾಸದ ಮೇಷ್ಟರ ಮಗ

ಮೈಕ್ ಟ್ರೌಟ್ ಹುಟ್ಟಿದ್ದು 1991ರ ಆಗಸ್ಟ್ 7ರಂದು. ಬೆಳೆದದ್ದು ನ್ಯೂಜೆರ್ಸಿ ರಾಜ್ಯದ ಮಿಲ್‌ವಿಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಜೆಫ್ ಟ್ರೌಟ್ ಅಲ್ಲಿನ ಪ್ರೌಢಶಾಲೆಯಲ್ಲಿ ಇತಿಹಾಸದ ಶಿಕ್ಷಕರು, ಬೇಸ್‌ಬಾಲ್ ತರಬೇತುದಾರರು ಕೂಡ. ಅವರೂ ಒಂದು ಕಾಲದಲ್ಲಿ ಇದೇ ಏಣಿಯನ್ನು ಹತ್ತಲು ಹೊರಟವರು. 1983ರಲ್ಲಿ ಮಿನ್ನೆಸೋಟ ಟ್ವಿನ್ಸ್ ಸಂಸ್ಥೆ ಅವರನ್ನು ಆರಿಸಿಕೊಂಡಿತ್ತು. ಅವರು ಡಬಲ್-ಎ ಎಂಬ ಮೆಟ್ಟಿಲವರೆಗೆ ಏರಿದರು. ಅಲ್ಲಿ ಚೆನ್ನಾಗಿಯೇ ಆಡಿದರು. ಆದರೆ ಕಾಲಿನ ನೋವುಗಳು ಬಿಡಲಿಲ್ಲ. ಮೇಜರ್ ಲೀಗ್ ಇನ್ನೆರಡೇ ಮೆಟ್ಟಿಲು ದೂರವಿದ್ದಾಗ ಆಟ ಬಿಟ್ಟು ಊರಿಗೆ ಮರಳಿ ಪಾಠ ಹೇಳತೊಡಗಿದರು. ಈ ಸಂಗತಿಯನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಮಗ ಶಾಲೆಯಲ್ಲಿ ಮೊದಲು ಔಟ್‌ಫೀಲ್ಡರ್ ಆಗಿರಲಿಲ್ಲ. ಚೆಂಡು ಎಸೆಯುತ್ತಿದ್ದ, ಒಳಮೈದಾನದಲ್ಲಿ ಶಾರ್ಟ್‌ಸ್ಟಾಪ್ ಸ್ಥಾನ ಕಾಯುತ್ತಿದ್ದ. ಕೊನೆಯ ವರ್ಷದಲ್ಲಿ ಹೊರಮೈದಾನಕ್ಕೆ ಬಂದ. ಆತನ ಓಟದ ವೇಗಕ್ಕೆ ಅಲ್ಲಿ ಬೇಕಾದಷ್ಟು ಬಯಲು ಸಿಕ್ಕಿತು. ಅದೇ ವರ್ಷ 18 ಹೋಮ್ ರನ್ ಹೊಡೆದು ರಾಜ್ಯದ ಪ್ರೌಢಶಾಲಾ ದಾಖಲೆ ಮಾಡಿದ.

ಇಷ್ಟಾದರೂ ಅನುಮಾನ ಉಳಿದಿತ್ತು. ನ್ಯೂಜೆರ್ಸಿಯಲ್ಲಿ ವಸಂತದ ಆರಂಭದಲ್ಲೂ ಚಳಿ. ಕ್ಯಾಲಿಫೋರ್ನಿಯ, ಟೆಕ್ಸಸ್, ಫ್ಲೋರಿಡಗಳ ಹುಡುಗರಂತೆ ವರ್ಷದ ಬಹುಪಾಲು ಆಡಲು ಅಲ್ಲಿ ಆಗುವುದಿಲ್ಲ. ಪಂದ್ಯಗಳು ಕಡಿಮೆ, ಎದುರಾಳಿಗಳೂ ಅಷ್ಟೇನೂ ಬಲಿಷ್ಠರಲ್ಲ. ಇಂಥ ಕಡೆಯ ಹುಡುಗನ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬುವುದು ಎಂಬುದು ದೊಡ್ಡ ತಂಡಗಳ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಸ್ಕೌಟ್‌ಗಳ ಕೆಲಸ. ನಮ್ಮ ಶಾಲೆಗಳ ಸ್ಕೌಟ್ ದಳಕ್ಕೂ ಇವರಿಗೂ ಸಂಬಂಧವಿಲ್ಲ. ಇವರು ಊರೂರು ತಿರುಗಿ, ಶಾಲಾ ಪಂದ್ಯಗಳನ್ನು ನೋಡಿ, ಪ್ರತಿಭೆಯನ್ನು ಗುರುತಿಸಿ ತಂಡಕ್ಕೆ ವರದಿ ಕೊಡುವವರು. ಲಾಸ್ ಏಂಜಲಿಸ್ ಏಂಜಲ್ಸ್ ತಂಡದ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಈ ಹುಡುಗನ ಮೇಲೆ ಕಣ್ಣಿಟ್ಟರು. ಅವರು ಹಿಂದೆ ಜೆಫ್ ಟ್ರೌಟ್ ಅವರ ಜೊತೆಯಲ್ಲೇ ಕೆಳ ಹಂತದ ಲೀಗ್‌ನಲ್ಲಿ ಆಡಿದ್ದವರು! ತಂದೆಯ ಆಟವನ್ನು ಹತ್ತಿರದಿಂದ ಕಂಡಿದ್ದ ಅವರು ಮಗನ ಪರವಾಗಿ ಬಲವಾಗಿ ವಾದಿಸಿದರು.

ಇಪ್ಪತ್ತೈದನೆಯ ಹೆಸರು

ಪ್ರತಿ ವರ್ಷ ಮೇಜರ್ ಲೀಗ್‌ನ 30 ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಈ ಏರ್ಪಾಡಿಗೆ ಡ್ರಾಫ್ಟ್ ಎಂದು ಹೆಸರು. 2009ರ ಜೂನ್ 9ರಂದು ಡ್ರಾಫ್ಟ್ ಆರಂಭವಾದಾಗ ಟ್ರೌಟ್ ತನ್ನ ಕುಟುಂಬದವರೊಂದಿಗೆ ಟೆಲಿವಿಷನ್ ಸ್ಟುಡಿಯೋದಲ್ಲೇ ಬಂದು ಕುಳಿತಿದ್ದ. ಆ ವರ್ಷ ಹಾಗೆ ಸ್ವತಃ ಬಂದಿದ್ದ ಆಟಗಾರ ಆತನೊಬ್ಬನೇ. ಒಂದೊಂದಾಗಿ ಹೆಸರುಗಳನ್ನು ಓದತೊಡಗಿದರು. ಹತ್ತು ಹೆಸರಾಯಿತು, ಇಪ್ಪತ್ತಾಯಿತು. ಟ್ರೌಟ್ ಹೆಸರು ಬರಲಿಲ್ಲ. ಇಪ್ಪತ್ನಾಲ್ಕನೆಯ ಸರದಿ ಏಂಜಲ್ಸ್ ತಂಡದ್ದು. ಅವರೂ ಮೊದಲು ಕರೆದದ್ದು ಟೆಕ್ಸಸ್‌ನ ರ‍್ಯಾಂಡಲ್ ಗ್ರಿಚಕ್ ಎಂಬ ಇನ್ನೊಬ್ಬ ಔಟ್‌ಫೀಲ್ಡರ್‌ನನ್ನು. ಇಪ್ಪತ್ತೈದನೆಯ ಸರದಿಯೂ ಅವರದೇ ಆಗಿತ್ತು. ಆಗ ಟ್ರೌಟ್ ಹೆಸರು ಕೇಳಿಬಂತು.

ಈಸ್ಟ್ ಕ್ಯಾರೊಲಿನ ವಿಶ್ವವಿದ್ಯಾಲಯಕ್ಕೆ ಸೇರಲು ಆತ ಮೊದಲೇ ಒಪ್ಪಿದ್ದ. ಈಗ ಕಾಲೇಜು ಬಿಟ್ಟು 12 ಲಕ್ಷ 15 ಸಾವಿರ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ. ಆಗಿನ್ನೂ ಹದಿನೇಳರ ಹರೆಯ.

ಏಣಿಯ ಮೆಟ್ಟಿಲುಗಳು

ಒಪ್ಪಂದವಾದ ಮಾತ್ರಕ್ಕೆ ಮೇಜರ್ ಲೀಗ್ ಸಿಗುವುದಿಲ್ಲ. ಪ್ರತಿ ದೊಡ್ಡ ತಂಡದ ಕೆಳಗೂ ಸಣ್ಣ ಊರುಗಳ ಹಲವು ತಂಡಗಳಿರುತ್ತವೆ. ಇವೇ ಮೈನರ್ ಲೀಗ್‌ಗಳು. ಹೊಸಬರ ಲೀಗ್, ಎ ದರ್ಜೆ, ಮೇಲಿನ ಎ ದರ್ಜೆ, ಡಬಲ್-ಎ, ಟ್ರಿಪಲ್-ಎ: ಇದು ಕ್ರಮ. ದೂರದೂರದ ಬಸ್ ಪ್ರಯಾಣ, ಕಡಿಮೆ ಸಂಬಳ, ವಾರವಿಡೀ ಪಂದ್ಯ. ಇದು ಅಲ್ಲಿನ ಬಾಳು. ಸಂಬಳದ ಕೊರತೆ ಎಷ್ಟಿತ್ತೆಂದರೆ 2022ರಲ್ಲಿ ಈ ಆಟಗಾರರು ಕಾರ್ಮಿಕ ಸಂಘ ಸೇರಿದರು. 2023ರಲ್ಲಿ ಅವರ ಮೊದಲ ಸಾಮೂಹಿಕ ಒಪ್ಪಂದವಾಯಿತು.

ಟ್ರೌಟ್ 2009ರ ಬೇಸಿಗೆಯಲ್ಲಿ ಅರಿಜೋನದ ಹೊಸಬರ ಲೀಗ್‌ನಲ್ಲಿ 39 ಪಂದ್ಯ ಆಡಿದ. ಸರಾಸರಿ 0.360. 2010ರಲ್ಲಿ ಅಯೋವ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಊರಿನ ತಂಡದಲ್ಲಿ 0.362 ಗಳಿಸಿ, ಅದೇ ವರ್ಷ ಕ್ಯಾಲಿಫೋರ್ನಿಯದ ಮೇಲಿನ ದರ್ಜೆಗೆ ಏರಿದ. 2011ರಲ್ಲಿ ಅರ್ಕನ್ಸಾ ತಂಡ, ಡಬಲ್-ಎ ದರ್ಜೆ. ತಂದೆಯ ಪಯಣ ನಿಂತದ್ದು ಇದೇ ಮೆಟ್ಟಿಲಿನಲ್ಲಿ. ಮಗ ಅಲ್ಲಿ 0.326 ಸರಾಸರಿಯಲ್ಲಿ ಆಡಿದ.

ಆ ವರ್ಷದ ಜುಲೈ 8ರಂದು ಏಂಜಲ್ಸ್ ತಂಡದ ಸೆಂಟರ್ ಫೀಲ್ಡರ್ ಗಾಯಗೊಂಡಿದ್ದ. ಡಬಲ್-ಎ ಇಂದ ನೇರವಾಗಿ ಟ್ರೌಟ್‌ಗೆ ಕರೆ ಬಂತು. ವಯಸ್ಸು ಹತ್ತೊಂಬತ್ತು. ಮೊದಲ ಪಂದ್ಯದಲ್ಲಿ ಮೂರು ಅವಕಾಶ, ಒಂದೂ ಯಶಸ್ವಿಯಾಗಲಿಲ್ಲ. ಕೆಲವೇ ವಾರಗಳಲ್ಲಿ ಆತನನ್ನು ಕೆಳಗಿನ ಹಂತಕ್ಕೆ ಮರಳಿ ಕಳಿಸಿದರು, ಮತ್ತೆ ಕರೆಸಿದರು. ಆ ವರ್ಷ ಮೇಜರ್ ಲೀಗ್‌ನಲ್ಲಿ 123 ಅವಕಾಶಗಳಲ್ಲಿ ಯಶಸ್ಸು ಸಿಕ್ಕಿದ್ದು 27 ಸಲ ಮಾತ್ರ. ಸರಾಸರಿ 0.220.

ಮಿತ್ರರೇ, ಶಾಲೆಯಲ್ಲಿ ಸದಾ ಮೊದಲಿಗನಾಗಿದ್ದವನು ಪಿಯುಸಿಗೋ ಎಂಜಿನಿಯರಿಂಗಿಗೋ ಹೋಗಿ ಮೊದಲ ಪರೀಕ್ಷೆಯಲ್ಲೇ ಎಡವುವುದನ್ನು ನೀವು ಕಂಡಿರುತ್ತೀರಿ. ಟ್ರೌಟ್‌ಗೆ ಆದದ್ದೂ ಅದೇ. 2012ರ ಋತು ಆರಂಭವಾದಾಗ ಆತ ದೊಡ್ಡ ತಂಡದಲ್ಲಿರಲಿಲ್ಲ. ಸಾಲ್ಟ್ ಲೇಕ್ ನಗರದ ಟ್ರಿಪಲ್-ಎ ತಂಡದಲ್ಲಿದ್ದ. ಅಲ್ಲಿ 20 ಪಂದ್ಯಗಳಲ್ಲಿ 0.403 ಸರಾಸರಿ ಗಳಿಸಿದ. ಅತ್ತ ಏಂಜಲ್ಸ್ ತಂಡ 20 ಪಂದ್ಯಗಳಲ್ಲಿ 14 ಸೋತು ಕಂಗಾಲಾಗಿತ್ತು. ಏಪ್ರಿಲ್ 28ರಂದು ಮತ್ತೆ ಕರೆ ಬಂತು.

ಈ ಸಲ ಎಲ್ಲ ಬದಲಾಯಿತು. ಜೂನ್ 27ರಂದು ಬಾಲ್ಟಿಮೋರ್‌ನಲ್ಲಿ ಎದುರಾಳಿ ಹೊಡೆದ ಚೆಂಡು ಬೇಲಿಯನ್ನು ದಾಟುವುದರಲ್ಲಿತ್ತು. ಟ್ರೌಟ್ ಹಿಂದಕ್ಕೆ ಓಡಿ, ಬೇಲಿಯ ಬುಡದಲ್ಲಿ ಮೇಲಕ್ಕೆ ನೆಗೆದು, ಅದರ ಆಚೆಗೆ ಕೈಚಾಚಿ ಚೆಂಡನ್ನು ಹಿಡಿದುಬಿಟ್ಟ. ಖಚಿತವೆನಿಸಿದ್ದ ಹೋಮ್ ರನ್ ಔಟ್ ಆಗಿ ಹೋಯಿತು. ಋತು ಮುಗಿಯುವ ಹೊತ್ತಿಗೆ ಸರಾಸರಿ 0.326, ಹೋಮ್ ರನ್ 30. ಪಿಚರ್‌ನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದನ್ನು ಅಲ್ಲಿ ಬೇಸ್ ಕದಿಯುವುದು ಎನ್ನುತ್ತಾರೆ. ಹಾಗೆ ಕದ್ದ ಬೇಸ್‌ಗಳು 49. ವರ್ಷದ ಶ್ರೇಷ್ಠ ಹೊಸ ಆಟಗಾರನೆಂದು ಎಲ್ಲ ಮತಗಳೂ ಆತನಿಗೇ ಬಿದ್ದವು. ಮುಂದೆ 2014, 2016 ಮತ್ತು 2019ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಬಂತು. 2019ರಲ್ಲಿ 12 ವರ್ಷಗಳಿಗೆ 42 ಕೋಟಿ 65 ಲಕ್ಷ ಡಾಲರ್‌ಗಳ ಒಪ್ಪಂದವಾಯಿತು. ಶಿಖರದಲ್ಲೂ ನೆಮ್ಮದಿ ಖಾಯಂ ಅಲ್ಲ. ಮೀನಖಂಡದ ನೋವಿನಿಂದ 2021ರಲ್ಲಿ ಆಡಲಾದದ್ದು 36 ಪಂದ್ಯ ಮಾತ್ರ.

ಉಳಿದವರ ಗತಿ ಏನು?

ಗೆದ್ದವನ ಕತೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. 2009ರ ಡ್ರಾಫ್ಟ್‌ನಲ್ಲಿ 50 ಸುತ್ತುಗಳಿದ್ದವು. ಸುಮಾರು ಒಂದೂವರೆ ಸಾವಿರ ಹೆಸರುಗಳನ್ನು ಕರೆದರು. ಆಗ ಒಂದು ಮೇಜರ್ ಲೀಗ್ ತಂಡದಲ್ಲಿ 25 ಜಾಗ, 30 ತಂಡಗಳಿಗೆ ಒಟ್ಟು 750. ಅವುಗಳಲ್ಲಿ ಹಿಂದಿನ ವರ್ಷಗಳಿಂದ ಆಡುತ್ತಿದ್ದವರು ಕುಳಿತೇ ಇದ್ದರು. ಲೆಕ್ಕ ನೀವೇ ಹಾಕಿ. ಬಹುಪಾಲು ಹುಡುಗರು ನಡುವಿನ ಯಾವುದೋ ಮೆಟ್ಟಿಲಿನಿಂದ ಇಳಿಯಲೇಬೇಕು.

ನಮ್ಮ ದೇಶದ ಇಬ್ಬರು ಯುವಕರೂ ಈ ಏಣಿಯ ಮೇಲೆ ಕಾಲಿಟ್ಟಿದ್ದರು. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಒಂದು ಟೆಲಿವಿಷನ್ ಸ್ಪರ್ಧೆಯ ಮೂಲಕ ಬೆಳಕಿಗೆ ಬಂದು, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಗೆ ಪಿಚರ್‌ಗಳಾಗಿ ಸೇರಿದರು. ಟ್ರೌಟ್ ಅರಿಜೋನದಲ್ಲಿ ಆಡುತ್ತಿದ್ದ 2009ರ ಅದೇ ಬೇಸಿಗೆಯಲ್ಲಿ ಇವರು ಫ್ಲೋರಿಡದ ಹೊಸಬರ ಲೀಗ್‌ನಲ್ಲಿ ಆಡಿದರು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಬಾಲ್ಯದಲ್ಲಿ ನೋಡಿಯೇ ಇರದ ಆಟವನ್ನು ಕಲಿತು ಅಷ್ಟು ದೂರ ಹೋದದ್ದೂ ಸಣ್ಣ ಮಾತಲ್ಲ.

ಈಗ ಜೆಫ್ ಟ್ರೌಟ್ ಅವರನ್ನು ನೆನಪಿಸಿಕೊಳ್ಳಿ. ಏಣಿಯಿಂದ ಇಳಿದಾಗ ಅವರ ಕೈಯಲ್ಲಿ ಕಾಲೇಜಿನ ಓದು ಇತ್ತು. ಅದರಿಂದಲೇ ಶಿಕ್ಷಕರಾಗಿ ಊರಿನಲ್ಲಿ ನೆಲೆನಿಂತರು. ಡಬಲ್-ಎ ದರ್ಜೆಯವರೆಗೆ ಕಲಿತದ್ದನ್ನು ಊರಿನ ಮಕ್ಕಳಿಗೂ ತಮ್ಮ ಮಗನಿಗೂ ಹೇಳಿಕೊಟ್ಟರು. ಅವರ ಹಳೆಯ ಜೊತೆಗಾರನ ಮಾತೇ ಮಗನ ಬೆಂಬಲಕ್ಕೂ ನಿಂತಿತು. ಅರ್ಧಕ್ಕೆ ನಿಂತ ಪಯಣವೂ ವ್ಯರ್ಥವಾಗಲಿಲ್ಲ.

ಆಟವನ್ನೇ ಜೀವನ ಮಾಡಿಕೊಳ್ಳುವ ಆಸೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಆ ಆಸೆಯನ್ನು ಬಿಡಬೇಡಿ. ಜೊತೆಗೆ ಓದನ್ನೂ ಬಿಡಬೇಡಿ. ಆಯ್ಕೆಯ ಪಟ್ಟಿಯಲ್ಲಿ ಹೆಸರು ತಡವಾಗಿ ಬಂದರೆ, ಬಂದ ಮೇಲೂ ಒಮ್ಮೆ ಕೆಳಗೆ ಕಳಿಸಿದರೆ, ಅಲ್ಲಿಗೇ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಕೆಳಗಿನ ಮೆಟ್ಟಿಲಿನಲ್ಲಿ ಇನ್ನೂ ಏನು ಕಲಿಯುವುದಿದೆ ಎಂದು ಕೇಳಿಕೊಳ್ಳಿ. ಸಾಲ್ಟ್ ಲೇಕ್‌ನ ಆ 20 ಪಂದ್ಯಗಳಲ್ಲಿ ಟ್ರೌಟ್ ಮಾಡಿದ್ದೂ ಅದನ್ನೇ.