ತಾಂತ್ರಿಕ ತಪ್ಪಿಗೆ ಜೈಲು: ಉಳಿತಾಯದ ಲೆಕ್ಕ ಹೇಗೆ?

ಅಮೆರಿಕದಲ್ಲಿ ಶಿಕ್ಷೆಯಾದವರೆಲ್ಲ ಜೈಲು ಸೇರುವುದಿಲ್ಲ. ಎಷ್ಟೋ ಜನರನ್ನು ನ್ಯಾಯಾಲಯ ಪ್ರೊಬೇಷನ್ ಮೇಲೆ ಮನೆಗೆ ಕಳಿಸುತ್ತದೆ. ಹೇಳಿದ ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು, ಮೂತ್ರ ಪರೀಕ್ಷೆಗೆ ಒಪ್ಪಬೇಕು, ಶುಲ್ಕ ಕಟ್ಟಬೇಕು, ಅನುಮತಿಯಿಲ್ಲದೆ ರಾಜ್ಯ ದಾಟಬಾರದು. ಹೊಸ ಅಪರಾಧವೇನೂ ಮಾಡದೆ ಇಂಥ ಷರತ್ತನ್ನಷ್ಟೇ ಮುರಿದರೆ ಅದು ತಾಂತ್ರಿಕ ಉಲ್ಲಂಘನೆ. ನ್ಯಾಯಾಧೀಶರು ಪ್ರೊಬೇಷನ್ ರದ್ದು ಮಾಡಿದರೆ, ಅಮಾನತಿನಲ್ಲಿಟ್ಟಿದ್ದ ಜೈಲು ಶಿಕ್ಷೆ ಜಾರಿಗೆ ಬರುತ್ತದೆ.

ಇದರ ಬಿಲ್ ಸಣ್ಣದಲ್ಲ. ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್‌ನ ನ್ಯಾಯ ಕೇಂದ್ರ 2019ರಲ್ಲಿ ಹಾಕಿದ ಲೆಕ್ಕದಂತೆ, ರಾಜ್ಯ ಜೈಲುಗಳಿಗೆ ಹೊಸದಾಗಿ ಬರುವವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಜನ ಪ್ರೊಬೇಷನ್ ಅಥವಾ ಪೆರೋಲ್‌ನ (ಅವಧಿಗೆ ಮುನ್ನ ಸಿಗುವ ಷರತ್ತಿನ ಬಿಡುಗಡೆ) ತಾಂತ್ರಿಕ ತಪ್ಪಿಗಾಗಿ ಬಂದವರಾಗಿದ್ದರು. ಇಂಥವರನ್ನು ಒಳಗಿಡಲು ಆಗ ವರ್ಷಕ್ಕೆ 280 ಕೋಟಿ ಡಾಲರ್ ಬೇಕಿತ್ತು.

ಹಾಗಾದರೆ ಇಂಥ ಸೆರೆವಾಸಕ್ಕೊಂದು ಮಿತಿ ಹಾಕಿದರೆ ಅಷ್ಟೂ ಹಣ ಉಳಿಯುತ್ತದೆಯೇ? ಇಲ್ಲ. ನೂರು ಕೈದಿಗಳಿರುವ ಬ್ಯಾರಕ್‌ನಿಂದ ಹತ್ತು ಜನ ಹೊರಗೆ ಹೋದರೆ ಊಟ, ಬಟ್ಟೆ, ಔಷಧಿಯ ಖರ್ಚಷ್ಟೇ ಇಳಿಯುತ್ತದೆ. ಕಾವಲುಗಾರರ ಸಂಬಳ, ಕಟ್ಟಡದ ನಿರ್ವಹಣೆ ಇದ್ದಷ್ಟೇ ಇರುತ್ತದೆ. ದೊಡ್ಡ ಉಳಿತಾಯ ಕಾಣುವುದು ಇಡೀ ಬ್ಯಾರಕ್ ಮುಚ್ಚಿದಾಗ, ಇಲ್ಲವೇ ಹೊಸ ಜೈಲು ಕಟ್ಟುವ ಯೋಜನೆ ಕೈಬಿಟ್ಟಾಗ.

ಈ ಮಾತಿಗೆ ಲೂಸಿಯಾನಾ ಸ್ವಲ್ಪ ಹೊರತು, ಅದಕ್ಕೇ ಅದನ್ನು ಹತ್ತಿರದಿಂದ ನೋಡಬೇಕು. ಹಿಂಸೆ ಅಥವಾ ಲೈಂಗಿಕ ಅಪರಾಧ ಮಾಡದವರು ಮೊದಲ ಬಾರಿ ತಾಂತ್ರಿಕ ಷರತ್ತು ಮುರಿದರೆ 90 ದಿನಕ್ಕಿಂತ ಹೆಚ್ಚು ಒಳಗಿಡುವಂತಿಲ್ಲ ಎಂದು ಆ ರಾಜ್ಯ 2007ರಲ್ಲಿ ಕಾನೂನು ಮಾಡಿತು. ಪರಿಣಾಮವನ್ನು ಪ್ಯೂ ಎಂಬ ಸಂಶೋಧನಾ ಸಂಸ್ಥೆ ಅಳೆದು 2014ರಲ್ಲಿ ವರದಿ ಕೊಟ್ಟಿತು. ಇಂಥವರ ಸರಾಸರಿ ಸೆರೆವಾಸ 281 ದಿನ ಕಡಿಮೆಯಾಗಿತ್ತು. ವರ್ಷಕ್ಕೆ 2,034 ಹಾಸಿಗೆಗಳೂ ಸುಮಾರು 1.76 ಕೋಟಿ ಡಾಲರೂ ಉಳಿದಿದ್ದವು. ಭಾಗಿಸಿ ನೋಡಿ: ಒಂದು ಹಾಸಿಗೆಗೆ ದಿನಕ್ಕೆ 24 ಡಾಲರ್‌ನ ಆಸುಪಾಸು. ಅಲ್ಲಿ ರಾಜ್ಯದ ಕೈದಿಗಳಲ್ಲಿ ಅರ್ಧದಷ್ಟು ಜನರನ್ನು ಸ್ಥಳೀಯ ಜೈಲುಗಳಲ್ಲಿಟ್ಟು, ಅವನ್ನು ನಡೆಸುವ ಶೆರಿಫ್‌ಗೆ ತಲೆಗಿಷ್ಟು ಎಂದು ದಿನದ ದರ ಕೊಡುತ್ತಿದ್ದರು. ಆ ದರವೂ ಸುಮಾರು ಅಷ್ಟೇ ಇತ್ತು. ಹಾಗಾಗಿ ಒಬ್ಬ ಕೈದಿ ಒಂದು ದಿನ ಬೇಗ ಹೊರಬಂದರೂ ಆ ದಿನದ ಹಣ ರಾಜ್ಯದ ಖಜಾನೆಯಲ್ಲೇ ಉಳಿಯಿತು. ಆದರೆ ಅದೇ ಹಣವನ್ನು ನೆಚ್ಚಿಕೊಂಡಿದ್ದ ಶೆರಿಫ್ ಕಚೇರಿಗೆ ಅದು ಆದಾಯದ ಖೋತಾ.

ಜನರ ಸುರಕ್ಷತೆಯ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದೇ ವರದಿಯ ಪ್ರಕಾರ, ಹೊಸ ಅಪರಾಧ ಮಾಡಿ ಜೈಲಿಗೆ ಮರಳಿದವರ ಪ್ರಮಾಣ ಶೇ 22ರಷ್ಟು ತಗ್ಗಿತು. ಸೆರೆವಾಸ ಉದ್ದವಾದರೆ ಬೇರೆ ನಷ್ಟವೂ ಇದೆ: ಒಂಬತ್ತು ತಿಂಗಳು ಹೆಚ್ಚಿಗೆ ಒಳಗಿದ್ದವನ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ. ಯಾವ ಬಜೆಟ್ ಪುಸ್ತಕದಲ್ಲೂ ಕಾಣದ ಈ ನಷ್ಟವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಖರ್ಚು.

ನಮ್ಮಲ್ಲೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಇದೆ. ಷರತ್ತು ಮುರಿದವನಿಗೆ ಮೂಲ ಅಪರಾಧದ ಶಿಕ್ಷೆ ವಿಧಿಸಲು ಅದರ 9ನೇ ಕಲಂ ಅವಕಾಶ ಕೊಡುತ್ತದೆ. ಮೊದಲ ತಪ್ಪಾದರೆ 50 ರೂಪಾಯಿ ಮೀರದ ದಂಡ ಹಾಕಿ ಬಿಡುವುದಕ್ಕೂ ದಾರಿಯಿದೆ.

ಮಿತಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಉಳಿದ ಹಣದಲ್ಲಿ ಒಂದು ಪಾಲಾದರೂ ವ್ಯಸನ ಚಿಕಿತ್ಸೆಗೆ, ಹೆಚ್ಚುವರಿ ಪ್ರೊಬೇಷನ್ ಅಧಿಕಾರಿಗಳಿಗೆ ಹೋಗಲೇಬೇಕು. ಹಾಗೆ ಹೋಗದಿದ್ದರೆ ಅದೇ ಜನ ಮತ್ತೆ ಅದೇ ನ್ಯಾಯಾಧೀಶರ ಮುಂದೆ ಬಂದು ನಿಲ್ಲುತ್ತಾರೆ.