ಸಿಹಿ ಕೆಫೀರ್: ಹಾಲಿನ ಸತ್ವವೆಷ್ಟು, ಸಕ್ಕರೆಯ ಪಾಲೆಷ್ಟು?

ವಿದೇಶಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಅನೇಕ ಕುಟುಂಬಗಳಿಗೆ ಕೆಫೀರ್ ಎಂಬ ಹೆಸರು ಹೊಸದೇನಲ್ಲ. ಈಗ ನಮ್ಮ ದೇಶದ ನಗರಗಳಲ್ಲೂ ಅದು ಬಾಟಲಿಗಳಲ್ಲಿ ದೊರೆಯುತ್ತಿದೆ. ಹೊಟ್ಟೆಗೆ ಒಳ್ಳೆಯದು, ಮೂಳೆಗೆ ಬಲ ಎಂಬ ಮಾತು ಕೇಳಿ ಮಕ್ಕಳಿಗೂ ಮನೆಯ ಹಿರಿಯರಿಗೂ ಕೊಡುವವರಿದ್ದಾರೆ. ಆದರೆ ಬರಿಯ ಕೆಫೀರ್ ಹುಳಿಯಾಗಿರುವುದರಿಂದ ಹೆಚ್ಚಿನವರು ಇಷ್ಟಪಡುವುದು ಸಕ್ಕರೆ ಬೆರೆಸಿದ, ಕೆನೆ ತೆಗೆಯದ ಹಾಲಿನ ಕೆಫೀರನ್ನು. ಇದರಿಂದ ನಮ್ಮ ದೇಹಕ್ಕೆ ನಿಜವಾಗಿ ದೊರೆಯುವುದೇನು ಎಂಬುದನ್ನು ಇಲ್ಲಿ ತಿಳಿಯೋಣ.

ಕೆಫೀರ್ ಎಂದರೇನು?

ಕೆಫೀರ್‌ನ ತವರು ಉತ್ತರ ಕಾಕಸಸ್ ಪರ್ವತ ಪ್ರದೇಶ. ಅಲ್ಲಿನ ಜನರು ಬಹಳ ಹಿಂದಿನಿಂದಲೂ ಹಾಲಿಗೆ ಒಂದು ಬಗೆಯ ಕಾಳುಗಳನ್ನು ಹಾಕಿ ಹುಳಿ ಬರಿಸುತ್ತಿದ್ದರು. ನೋಡಲು ಹೂಕೋಸಿನ ಚೂರುಗಳಂತಿರುವ ಇವು ಧಾನ್ಯವಲ್ಲ. ಬ್ಯಾಕ್ಟೀರಿಯ ಮತ್ತು ಯೀಸ್ಟ್‌ಗಳು ಜೊತೆಯಾಗಿ ಬೆಳೆದ ಮೆತ್ತನೆಯ ಗಂಟುಗಳು. ನಮ್ಮ ಮೊಸರನ್ನು ಮುಖ್ಯವಾಗಿ ಬ್ಯಾಕ್ಟೀರಿಯಗಳು ಹೆಪ್ಪುಗಟ್ಟಿಸುತ್ತವೆ. ಕೆಫೀರ್‌ನಲ್ಲಿ ಯೀಸ್ಟ್ ಕೂಡ ಕೆಲಸ ಮಾಡುತ್ತದೆ. ಹಬ್ಬದ ಸಾನ್ನಾಂ ಹಿಟ್ಟನ್ನು ಕಳ್ಳು ಉಬ್ಬಿಸುವುದು ಅದರಲ್ಲಿರುವ ಯೀಸ್ಟ್‌ನಿಂದಲೇ. ಕೆಫೀರ್‌ಗೆ ಸ್ವಲ್ಪ ನೊರೆ, ಚುರುಕಾದ ರುಚಿ ಮತ್ತು ಅತ್ಯಲ್ಪ ಪ್ರಮಾಣದ ಆಲ್ಕೋಹಾಲ್ ಬರುವುದೂ ಇದರಿಂದಲೇ.

2003ರ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಕೆಫೀರ್‌ನ ಒಂದು ಗ್ರಾಂನಲ್ಲಿ ಕನಿಷ್ಠ 1 ಕೋಟಿ ಜೀವಂತ ಸೂಕ್ಷ್ಮಾಣುಗಳೂ 10,000 ಯೀಸ್ಟ್ ಕಣಗಳೂ ಇರಬೇಕು. ಕುದಿಸಿದರೆ ಇವು ಸಾಯುತ್ತವೆ. ಆದ್ದರಿಂದ ಕೆಫೀರನ್ನು ಬಿಸಿ ಮಾಡಿ ಕುಡಿಯುವುದರಲ್ಲಿ ಅರ್ಥವಿಲ್ಲ.

ಒಂದು ಲೋಟದಲ್ಲಿ ಏನಿದೆ?

ಸುಮಾರು 3.3 ಶೇಕಡಾ ಕೊಬ್ಬಿರುವ ಹಾಲಿನಿಂದ ಮಾಡಿದ 240 ಮಿಲಿಲೀಟರ್ ಬರಿಯ ಕೆಫೀರ್‌ನಲ್ಲಿ ಸುಮಾರು 150 ಕ್ಯಾಲೊರಿ, 8 ಗ್ರಾಂ ಪ್ರೋಟೀನ್, 8 ಗ್ರಾಂ ಕೊಬ್ಬು ಮತ್ತು 300 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದೆ. ಅಂದರೆ ಒಂದು ಲೋಟದಿಂದ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ದೊರೆಯಿತು. ರಂಜಕ ಮತ್ತು ಬಿ12 ಜೀವಸತ್ವವೂ ಇವೆ. ಕಬ್ಬಿಣ ಮತ್ತು ಸಿ ಜೀವಸತ್ವ ಮಾತ್ರ ಹಾಲಿನಂತೆಯೇ ಇದರಲ್ಲೂ ತೀರಾ ಕಡಿಮೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಮ್ಮಲ್ಲಿ ಫುಲ್ ಕ್ರೀಮ್ ಎಂದು ಮಾರುವ ಹಾಲಿನಲ್ಲಿ ಕನಿಷ್ಠ 6 ಶೇಕಡಾ ಕೊಬ್ಬಿರುತ್ತದೆ. ಆ ಹಾಲಿನ ಕೆಫೀರ್ ಆದರೆ ಒಂದು ಲೋಟಕ್ಕೆ 14 ಗ್ರಾಂಗೂ ಹೆಚ್ಚು ಕೊಬ್ಬು, 200ಕ್ಕೂ ಮೇಲ್ಪಟ್ಟು ಕ್ಯಾಲೊರಿ. ಬೆಳೆಯುವ ಮಗುವಿಗೂ ಸಣಕಲಾದ ಹಿರಿಯರಿಗೂ ಇದು ಪುಷ್ಟಿ ಕೊಡಬಹುದು. ಕೊಲೆಸ್ಟರಾಲ್ ಹೆಚ್ಚಿರುವವರು ಕಡಿಮೆ ಕೊಬ್ಬಿನ ಹಾಲನ್ನು ಆರಿಸಿಕೊಳ್ಳುವುದು ಉತ್ತಮ.

ಸಕ್ಕರೆಯ ಲೆಕ್ಕ

ಹುಳಿ ಬರುವಾಗ ಸಕ್ಕರೆಯೆಲ್ಲ ಕರಗಿ ಹೋಗುತ್ತದೆ, ಆದ್ದರಿಂದ ಸಿಹಿ ಕೆಫೀರ್‌ನಿಂದ ತೊಂದರೆಯಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಹುದುಗುವಾಗ ಕಡಿಮೆಯಾಗುವುದು ಹಾಲಿನಲ್ಲಿ ಸಹಜವಾಗಿರುವ ಲ್ಯಾಕ್ಟೋಸ್, ಅದೂ ಸ್ವಲ್ಪ ಭಾಗ ಮಾತ್ರ. ಸಿಹಿಗಾಗಿ ಸಕ್ಕರೆಯನ್ನು ಸಾಮಾನ್ಯವಾಗಿ ಹುದುಗಿದ ನಂತರವೇ ಬೆರೆಸುತ್ತಾರೆ. ತಣ್ಣಗಿಟ್ಟ ಬಾಟಲಿಯಲ್ಲಿ ಅದು ಬಹುಪಾಲು ಹಾಗೆಯೇ ಉಳಿದು ನಮ್ಮ ಹೊಟ್ಟೆ ಸೇರುತ್ತದೆ.

ಲೇಬಲ್ ಓದುವಾಗ ಎರಡು ಸಾಲುಗಳನ್ನು ನೋಡಬೇಕು. ಮೊದಲನೆಯದು ಒಟ್ಟು ಸಕ್ಕರೆ. ಇದರಲ್ಲಿ ಲ್ಯಾಕ್ಟೋಸ್ ಕೂಡ ಸೇರಿದೆ. ಎರಡನೆಯದು ಸೇರಿಸಿದ ಸಕ್ಕರೆ. ಭಾರತದ 2020ರ ಲೇಬಲಿಂಗ್ ನಿಯಮಗಳಲ್ಲೂ ಅಮೆರಿಕದ ನಿಯಮಗಳಲ್ಲೂ ಇದನ್ನು ಬೇರೆಯಾಗಿ ತೋರಿಸಬೇಕೆಂದಿದೆ. ಯುರೋಪಿನ ಲೇಬಲ್‌ಗಳಲ್ಲಿ ಒಟ್ಟು ಸಕ್ಕರೆ ಮಾತ್ರ ಇರುತ್ತದೆ. ಅಲ್ಲಿರುವವರು ಅದೇ ತಯಾರಕರ ಬರಿಯ ಕೆಫೀರ್‌ನೊಂದಿಗೆ ಹೋಲಿಸಿ ವ್ಯತ್ಯಾಸವನ್ನು ಕಂಡುಕೊಳ್ಳಬಹುದು.

ಒಂದು ಲೋಟದಲ್ಲಿ ಸೇರಿಸಿದ ಸಕ್ಕರೆ 10 ಗ್ರಾಂ ಇದೆಯೆಂದಿಟ್ಟುಕೊಳ್ಳೋಣ. ಅದು ಸುಮಾರು ಎರಡೂವರೆ ಟೀ ಚಮಚ, 40 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯನ್ನು 2000 ಕ್ಯಾಲೊರಿಯ ಆಹಾರಕ್ಕೆ ಅನ್ವಯಿಸಿದರೆ ದಿನಕ್ಕೆ ಇಂತಹ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಎರಡೆರಡು ಚಮಚ ಸಕ್ಕರೆ ಹಾಕಿದ ಮೂರು ಲೋಟ ಚಹಾ ಕುಡಿಯುವವರು ಆ 25 ಗ್ರಾಂನ್ನು ಚಹಾದಲ್ಲಿಯೇ ಮುಟ್ಟಿರುತ್ತಾರೆ. ಸಿಹಿ ಕೆಫೀರ್ ಅದರ ಮೇಲಿನ ಹೊರೆ.

ಹೊಟ್ಟೆಗೆ ಹಗುರವೇ?

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಕೆಫೀರ್ ಅನುಕೂಲವಾಗಬಹುದು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲ್ಯಾಕ್ಟೋಸ್ ಜೀರ್ಣವಾಗದ 15 ಮಂದಿಗೆ ಹಾಲಿಗಿಂತ ಕೆಫೀರ್ ಕುಡಿದಾಗ ವಾಯು ಬಾಧೆ ಕಡಿಮೆಯಾಗಿತ್ತು. ಬರಿಯ ಮೊಸರಿನಿಂದಲೂ ಅಂತಹದೇ ಫಲ ದೊರೆಯಿತು ಎಂಬುದು ಗಮನಾರ್ಹ. ಇದು ಚಿಕ್ಕ ಅಧ್ಯಯನವಾದರೂ, ಕೆಫೀರ್ ಕೊಳ್ಳಲಾಗದ ಮನೆಯವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಾಗಿಲ್ಲ. ಮನೆಯ ಮೊಸರು, ಮಜ್ಜಿಗೆ ನಮಗೆ ಇದ್ದೇ ಇವೆ.

ಯಾರು ಎಚ್ಚರ ವಹಿಸಬೇಕು?

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿದ್ದಾರೆ. ಇವರಿಗೆ ಸಿಹಿ ಕೆಫೀರನ್ನು ಔಷಧವೆಂಬಂತೆ ಕೊಡುವುದು ತಪ್ಪು. ಬರಿಯ ಕೆಫೀರ್‌ನಲ್ಲೂ ಲ್ಯಾಕ್ಟೋಸ್ ಇರುವುದರಿಂದ ಅದನ್ನೂ ಊಟದ ಲೆಕ್ಕಕ್ಕೆ ಸೇರಿಸಿಯೇ ಕುಡಿಯಬೇಕು.

ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಬೆರೆಸಿದ ಪಾನೀಯ ಬೇಡ. ಹಾಲಿನ ಪ್ರೋಟೀನ್ ಅಲರ್ಜಿ ಇರುವವರಿಗೆ ಕೆಫೀರ್ ಕೂಡದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳದೆ ಜೀವಂತ ಸೂಕ್ಷ್ಮಾಣುಗಳಿರುವ ಇಂತಹ ಪಾನೀಯ ಸೇವಿಸಬಾರದು. ಮದ್ಯವನ್ನು ಪೂರ್ತಿ ತ್ಯಜಿಸಬೇಕಾದವರೂ ಅದರಲ್ಲಿನ ಅಲ್ಪ ಆಲ್ಕೋಹಾಲ್ ವಿಷಯ ತಿಳಿದಿರಲಿ. ವಾರ್ಡುಗಳಲ್ಲಿ ರೋಗಿಗಳನ್ನು ಭೇಟಿಯಾಗುವವರು, ವೃದ್ಧಾಶ್ರಮಗಳಲ್ಲಿ ಸೇವೆ ಸಲ್ಲಿಸುವವರು ಪ್ರೀತಿಯಿಂದ ಒಂದು ಬಾಟಲಿ ಕೊಂಡೊಯ್ಯುವ ಮೊದಲು ಮನೆಯವರನ್ನೋ ದಾದಿಯರನ್ನೋ ಒಂದು ಮಾತು ವಿಚಾರಿಸಿದರೆ ಒಳಿತು.

ಮನೆಯಲ್ಲಿ ಏನು ಮಾಡಬಹುದು?

ಕೆಫೀರ್ ಕಾಳು ದೊರೆತವರು ಹಾಲನ್ನು ಕಾಯಿಸಿ ಚೆನ್ನಾಗಿ ಆರಿಸಿದ ಬಳಿಕವೇ ಕಾಳು ಹಾಕಬೇಕು. ತಂಪು ದೇಶಗಳಲ್ಲಿ ಸುಮಾರು ಒಂದು ದಿನ ಹಿಡಿಯುವ ಕೆಲಸ ನಮ್ಮ ಕರಾವಳಿಯ ಸೆಕೆಯಲ್ಲಿ ಬೇಗನೆ ಮುಗಿಯುತ್ತದೆ. ಹದವಾದ ಹುಳಿ ಬಂದೊಡನೆ ಸೋಸಿ ಫ್ರಿಜ್‌ನಲ್ಲಿಡಿ. ಯೀಸ್ಟ್‌ನಿಂದ ಅನಿಲ ಹುಟ್ಟುವುದರಿಂದ ಬಾಟಲಿಯನ್ನು ಕಂಠಮಟ್ಟ ತುಂಬಿಸಿ ಬಿಗಿಯಾಗಿ ಮುಚ್ಚಬೇಡಿ.

ಸಿಹಿ ಬೇಕೆನಿಸಿದರೆ ಬರಿಯ ಕೆಫೀರ್‌ಗೆ ಮಾಗಿದ ಬಾಳೆಹಣ್ಣು ಅಥವಾ ಪಪ್ಪಾಯಿಯ ತುಂಡುಗಳನ್ನು ಸೇರಿಸಬಹುದು. ಮಕ್ಕಳಿಗೆ ಅಂಗಡಿಯ ಸಿಹಿ ಕೆಫೀರನ್ನೇ ಕೊಡುವುದಾದರೆ ಅರ್ಧ ಲೋಟಕ್ಕೆ ಅರ್ಧ ಲೋಟ ಬರಿಯ ಕೆಫೀರ್ ಬೆರೆಸಿ, ಕ್ರಮೇಣ ಸಿಹಿಯನ್ನು ತಗ್ಗಿಸುತ್ತಾ ಬನ್ನಿ.

ಕೆಫೀರ್‌ನ ಒಳ್ಳೆಯ ಗುಣಗಳೆಲ್ಲ ಹಾಲಿನಿಂದ ಮತ್ತು ಹುದುಗುವಿಕೆಯಿಂದ ಬಂದವು. ಸಕ್ಕರೆ ಅದಕ್ಕೆ ರುಚಿಯನ್ನು ಕೊಡುತ್ತದೆಯೇ ಹೊರತು ಪೋಷಣೆಯನ್ನಲ್ಲ. ಇಷ್ಟನ್ನು ನೆನಪಿಟ್ಟುಕೊಂಡು, ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಸರಿ ಎಂದು ನಾವೇ ಯೋಚಿಸಿ ಲೋಟ ತುಂಬೋಣ.