ಪಿಕಪ್ ವಾಹನಕ್ಕೆ ಹೊಸ ವೀಲ್: ಟಯರಿನ ಅಳತೆ ಆರಿಸುವ ಮುನ್ನ

ಬೇಸಗೆ ರಜೆ ಬಂದಿತೆಂದರೆ ಡೊಂಬಿವಲಿ ಎಂಐಡಿಸಿ ಪರಿಸರದ ನಮ್ಮ ಅನೇಕ ಕನ್ನಡಿಗ ಕುಟುಂಬಗಳು ಶಿಲ್ಫಾಟಾ ದಾಟಿ, ಗೋವಾ ಹೆದ್ದಾರಿಯಾಗಿ ಕರಾವಳಿಗೋ, ಪುಣೆ-ಕೊಲ್ಲಾಪುರದ ದಾರಿಯಾಗಿ ಬೆಳಗಾವಿಗೋ ಹೊರಡುತ್ತವೆ. ಕಾರಿಗಿಂತ ನಾಲ್ಕು ಬಾಗಿಲಿನ ಪಿಕಪ್ ವಾಹನವನ್ನು ಮೆಚ್ಚುವ ತರುಣರೂ ಈಗ ನಮ್ಮಲ್ಲಿದ್ದಾರೆ. ಅದರ ಮುಂಭಾಗವನ್ನು ತುಸು ಎತ್ತರಿಸಿ, ಹೊರಗಿನಿಂದ ಕೊಂಡ ಅಲಾಯ್ ವೀಲ್ ತೊಡಿಸಿ, ದಪ್ಪ ಟಯರ್ ಹಾಕಿಸುವ ಆಸೆ ಸಹಜವೇ. ಆದರೆ ಅದೇ ವಾಹನದಲ್ಲಿ ಹಿರಿಯರೂ ಮಕ್ಕಳೂ ಕುಳಿತು ಘಟ್ಟ ಇಳಿಯಬೇಕಾಗಿದೆ. ಆದುದರಿಂದ ಹಣ ತೆರುವ ಮುನ್ನ ಕೆಲವು ಲೆಕ್ಕಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಟಯರಿನ ಬದಿಯಲ್ಲಿ 265/65 ಆರ್ 17 ಎಂದಿದ್ದರೆ, ಅದರ ಅಗಲ 265 ಮಿಲಿಮೀಟರ್. ರಿಮ್ಮಿನಿಂದ ಹೊರಕ್ಕೆ ಅದರ ಎತ್ತರ ಆ ಅಗಲದ ಶೇಕಡಾ 65. ಆರ್ ಎಂದರೆ ರೇಡಿಯಲ್. ರಿಮ್ಮಿನ ವ್ಯಾಸ 17 ಇಂಚು. ಒಟ್ಟು ಕೂಡಿಸಿದರೆ ಹೊರವ್ಯಾಸ ಸುಮಾರು 776 ಮಿ.ಮೀ. ಅದೇ 265/60 ಆರ್ 18 ಟಯರಿನ ವ್ಯಾಸ 775 ಮಿ.ಮೀ. ರಿಮ್ ಒಂದು ಇಂಚು ಹಿಗ್ಗಿದರೂ ಹೊರ ಅಳತೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಇದು ಸರಿಯಾದ ಬದಲಾವಣೆ.

ಇನ್ನು 285/70 ಆರ್ 17 ಹಾಕಿಸಿದರೆ ವ್ಯಾಸ 831 ಮಿ.ಮೀ.ಗೆ ಏರುತ್ತದೆ, ಅಂದರೆ ಶೇ. 7 ಹೆಚ್ಚು. ಈ ಹಿಂದೆ ವೇಗವನ್ನು ನಿಖರವಾಗಿ ತೋರುತ್ತಿದ್ದ ಮೀಟರು ಈಗ 80 ಎಂದು ತೋರುವಾಗ ವಾಹನ ಸುಮಾರು 86 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಭಾರವಾದ ದೊಡ್ಡ ಚಕ್ರವನ್ನು ನಿಲ್ಲಿಸಲು ಬ್ರೇಕ್ ಹೆಚ್ಚು ಶ್ರಮಿಸಬೇಕು. ವ್ಯಾಸದ ವ್ಯತ್ಯಾಸ ಶೇ. 3ನ್ನು ಮೀರದಿರುವುದು ಲೇಸೆಂಬುದು ರೂಢಿಯ ನಿಯಮ.

ಮುಂಭಾಗವನ್ನು ಎತ್ತರಿಸಿದ ಮಾತ್ರಕ್ಕೆ ದೊಡ್ಡ ಟಯರಿಗೆ ಜಾಗ ದೊರೆಯಿತೆಂದು ತಿಳಿಯಲಾಗದು. ವಾಹನ ನಿಂತಾಗ ಕಾಣುವ ಜಾಗ, ಅದು ಮಳೆಗಾಲದ ಗುಂಡಿಗೆ ಬಿದ್ದು ಚಕ್ರ ಮೇಲೆದ್ದಾಗ ಉಳಿಯದು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟಯರು ಒಳಗಿನ ಮಡ್‌ಗಾರ್ಡಿಗೆ ಉಜ್ಜಬಹುದು. ಇದಲ್ಲದೆ ಪಿಕಪ್ಪಿನ ಹಿಂಭಾಗವನ್ನು ತಯಾರಕರು ಎತ್ತರವಾಗಿಟ್ಟಿರುವುದು ಹೊರೆ ಹೇರಿದಾಗ ವಾಹನ ಸಮನಾಗಲೆಂದು. ಮುಂಭಾಗವನ್ನೂ ಎತ್ತರಿಸಿ ಹಿಂದೆ ಸಾಮಾನು ತುಂಬಿದರೆ ಬಾಲ ತಗ್ಗಿ, ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ರಾಚುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸುವಾಗಲೇ ದೀಪದ ಕೋನವನ್ನೂ ಸರಿಪಡಿಸಿಕೊಳ್ಳಬೇಕು.

ವೀಲ್ ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ, ಅವುಗಳ ಅಂತರ ಹಾಗೂ ನಡುವಿನ ರಂಧ್ರ ಹೊಂದಬೇಕೆಂಬುದು ಸರಿಯೇ. ಅದರೊಂದಿಗೆ 'ಇಟಿ' ಎಂದು ಅಚ್ಚಾಗಿರುವ ಆಫ್‌ಸೆಟ್ ಅಂಕಿಯನ್ನೂ ನೋಡಬೇಕು. ಇಟಿ 30ರ ಬದಲು ಅಷ್ಟೇ ಅಗಲದ ಇಟಿ 0 ವೀಲ್ ಹಾಕಿದರೆ ಪ್ರತಿ ಚಕ್ರವೂ 30 ಮಿ.ಮೀ. ಹೊರಕ್ಕೆ ಚಾಚುತ್ತದೆ, ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ.

ಅಳತೆಯ ಪಕ್ಕದಲ್ಲಿರುವ 112ರಂತಹ ಅಂಕಿ, ಒಂದು ಟಯರು ಹೊರಬಲ್ಲ ಭಾರದ ಸೂಚಕ. 112 ಎಂದರೆ 1,120 ಕಿಲೋ. ಹೊಸ ಟಯರಿನ ಈ ಅಂಕಿ ಮೂಲ ಟಯರಿಗಿಂತ ಕಡಿಮೆ ಇರಕೂಡದು. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ನಿಯಮ ಒಪ್ಪದ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮಾ ಕಂಪೆನಿಯೂ ಈ ಪ್ರಶ್ನೆಯನ್ನೆತ್ತಬಹುದು. ಹಾಗಾಗಿ ಕೆಲಸಕ್ಕೆ ಕೈಹಾಕುವ ಮೊದಲೇ ಕಲ್ಯಾಣದ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸುವುದು ಉಚಿತ.

ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಅಳತೆ, ಇಲ್ಲವೇ ಅದೇ ವಾಹನದ ಮೇಲ್ದರ್ಜೆಯ ಮಾದರಿಗೆ ತಯಾರಕರು ಕೊಟ್ಟ ಅಳತೆ: ನಮ್ಮ ಮಟ್ಟಿಗೆ ಆಯ್ಕೆ ಇವೆರಡರೊಳಗೆ ಮುಗಿಯಬೇಕು. ಅಂಗಡಿಯಿಂದ ಹೊರಡುವ ಮುನ್ನ ಐವರನ್ನು ಕೂರಿಸಿ, ಹಿಂದೆ ಸಾಮಾನು ಹೇರಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಒಂದು ಉಬ್ಬು ದಾಟಿಸಿ ನೋಡಿರಿ. ಉಜ್ಜುವ ಸದ್ದು ಕೇಳಿಸುವುದಿದ್ದರೆ ಅಲ್ಲಿಯೇ ಕೇಳಿಸಲಿ, ನಡುರಾತ್ರಿಯ ಘಟ್ಟದಲ್ಲಿ ಬೇಡ.